ಸ್ಟೀವರ್ಡ್‌ಗಳ ಕೋಣೆಯಲ್ಲಿ ನ್ಯಾಯ

ಕುದುರೆ ರೇಸಿನಲ್ಲಿ ಶಿಸ್ತು ಕಾಯುವ ಹೊಣೆ ಸ್ಟೀವರ್ಡ್‌ಗಳದು. ಓಟವನ್ನು ಕಣ್ಣಾರೆ ನೋಡುವವರು ಅವರು. ವಿಡಿಯೊ ತರಿಸಿ ಮತ್ತೆ ಮತ್ತೆ ನೋಡುವವರು, ಜಾಕಿಯನ್ನೂ ಟ್ರೈನರನ್ನೂ ಕರೆಸಿ ಕೇಳುವವರು, ತಪ್ಪು ಕಂಡರೆ ಆರೋಪ ಹೊರಿಸುವವರು, ಕೊನೆಗೆ ದಂಡವನ್ನೋ ಅಮಾನತನ್ನೋ ವಿಧಿಸುವವರೂ ಅವರೇ. ಸಾಕ್ಷಿ, ತನಿಖಾಧಿಕಾರಿ, ವಾದಿ, ನ್ಯಾಯಾಧೀಶ ಎಂಬ ನಾಲ್ಕು ಪಾತ್ರಗಳನ್ನು ಒಂದೇ ಮಧ್ಯಾಹ್ನ, ಒಂದೇ ಕೋಣೆಯಲ್ಲಿ, ಅದೇ ಮೂರು-ನಾಲ್ಕು ಮಂದಿ ನಿರ್ವಹಿಸುವ ವ್ಯವಸ್ಥೆ ಬೇರೆಡೆ ಸಿಗುವುದು ಅಪರೂಪ. ಗ್ರೇಹೌಂಡ್ ನಾಯಿಗಳ ಓಟ, ಕುದುರೆಗಾಡಿ ಓಟಗಳು ನಡೆಯುವ ದೇಶಗಳಲ್ಲೂ ಏರ್ಪಾಡು ಹೆಚ್ಚುಕಡಿಮೆ ಹೀಗೆಯೇ ಬೆಳೆದುಬಂದಿದೆ.

ಇಷ್ಟು ಅಧಿಕಾರ ಒಂದೆಡೆ ಸೇರಿಕೊಂಡಿರುವುದಕ್ಕೆ ಕಾರಣಗಳಿಲ್ಲದಿಲ್ಲ. ಮುಂದಿನ ರೇಸ್ ಅರ್ಧ ಗಂಟೆಯಲ್ಲಿ ಶುರುವಾಗಬೇಕು. ಬಾಜಿ ಕಟ್ಟಿದವರು ಟಿಕೆಟ್ ಹಿಡಿದು ಕೌಂಟರಿನ ಮುಂದೆ ನಿಂತಿದ್ದಾರೆ. ಕುದುರೆಯ ಮೈಗೆ ಸೇರಿದ ಮದ್ದು ದೇಹದಿಂದ ಹೊರಹೋಗುತ್ತಲೇ ಇರುತ್ತದೆ, ಮೂತ್ರದ ಮಾದರಿ ತೆಗೆಯುವುದು ತಡವಾದರೆ ಸಾಕ್ಷ್ಯವೇ ಉಳಿಯುವುದಿಲ್ಲ. ಹೊಡೆತ ತಿಂದ ಪ್ರಾಣಿಯ ಗಾಯ ಮಾಯುತ್ತದೆ. ಅಂದಮೇಲೆ ಅವಸರ ಇಲ್ಲಿ ಸಹಜ. ಆದರೆ ಆ ಅವಸರದಲ್ಲಿ ಹೊರಬಿದ್ದ ಒಂದು ಆದೇಶ ಟ್ರೈನರನ ಹೊಟ್ಟೆಪಾಡು ಕಳೆಯಬಹುದು, ಮಾಲೀಕನ ಹೆಸರು ಕೆಡಿಸಬಹುದು, ಕೋಟಿಗಟ್ಟಲೆ ಬೆಲೆಬಾಳುವ ಕುದುರೆಯನ್ನು ಓಟದಿಂದ ಹೊರಗಿಡಬಹುದು. ಆಡಳಿತ ಕಾನೂನು ಪ್ರವೇಶಿಸುವುದು ಇಲ್ಲಿ. ಅಧಿಕಾರ ಉಳ್ಳವರು ಅದನ್ನು ಹೇಗೆ ಚಲಾಯಿಸಬೇಕು, ಯಾರ ಮಾತು ಕೇಳಬೇಕು, ಯಾವುದಕ್ಕೆ ಕಾರಣ ಕೊಡಬೇಕು ಎಂದು ಹೇಳುವ ಕಾನೂನು ಅದು. ಯಾವ ಕುದುರೆ ಗೆಲ್ಲಬೇಕಿತ್ತು ಎನ್ನುವುದು ಅದರ ಚಿಂತೆಯಲ್ಲ.

ಈ ಕಾನೂನಿನ ಹಲವು ಮುಖ್ಯ ತೀರ್ಪುಗಳು ರೇಸ್ ಮೈದಾನದಿಂದಲೇ ಬಂದಿವೆ ಎನ್ನುವುದು ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಸಹಜ ನ್ಯಾಯದ ತತ್ತ್ವಗಳು ಎಲ್ಲ ಕಡೆ ಒಂದೇ ಅಚ್ಚಿನಲ್ಲಿ ಇರುವುದಿಲ್ಲ, ಪ್ರಸಂಗ ನೋಡಿ ಅವುಗಳ ಬೇಡಿಕೆ ಹಿಗ್ಗುತ್ತದೆ, ಕುಗ್ಗುತ್ತದೆ ಎಂಬ ಮಾತನ್ನು ನಮ್ಮ ನ್ಯಾಯಾಲಯಗಳು ಸರ್ಕಾರಿ ನೌಕರರ ಮೊಕದ್ದಮೆಗಳಲ್ಲೂ ಕಾಲೇಜು ವಿದ್ಯಾರ್ಥಿಗಳ ಮೊಕದ್ದಮೆಗಳಲ್ಲೂ ಎತ್ತಿ ಹೇಳುತ್ತವೆ. ಅದರ ಮೂಲ 1949ರ ರಸೆಲ್ ವಿರುದ್ಧ ಡ್ಯೂಕ್ ಆಫ್ ನಾರ್ಫೋಕ್ ಎಂಬ ಇಂಗ್ಲಿಷ್ ಮೊಕದ್ದಮೆ. ಕುದುರೆಗೆ ಮದ್ದು ಕೊಟ್ಟ ಪ್ರಕರಣದಲ್ಲಿ ಲೈಸೆನ್ಸ್ ಕಳೆದುಕೊಂಡ ಟ್ರೈನರ್ ಒಬ್ಬರು ಜಾಕಿ ಕ್ಲಬ್ಬಿನ ಮೇಲೆ ಹೂಡಿದ್ದು. ಟ್ರೈನರ್ ಸೋತರು. ಆದರೆ ಯಾವ ವಿಚಾರಣೆಯಾದರೂ ಸರಿ, ಆರೋಪಿಗೆ ತನ್ನ ಮಾತು ಹೇಳಿಕೊಳ್ಳುವ ತಕ್ಕಷ್ಟು ಅವಕಾಶ ಸಿಗಲೇಬೇಕು ಎಂಬ ಕನಿಷ್ಠ ಮಟ್ಟವನ್ನು ನ್ಯಾಯಮೂರ್ತಿ ಟಕರ್ ಅಲ್ಲಿ ಹಾಕಿಕೊಟ್ಟರು.

ಮೊದಲ ತೊಡಕು ಅಧಿಕಾರದ ಮೂಲದ್ದು. ರೇಸ್ ಕ್ಲಬ್ ಸರ್ಕಾರವಲ್ಲ. ಇಂಗ್ಲೆಂಡಿನ ಜಾಕಿ ಕ್ಲಬ್ 18ನೆಯ ಶತಮಾನದ ಶ್ರೀಮಂತರ ಕೂಟವಾಗಿ ಹುಟ್ಟಿದ್ದು. ಯಾವ ಶಾಸನವೂ ಅದಕ್ಕೆ ಅಧಿಕಾರ ಕೊಟ್ಟಿರಲಿಲ್ಲ, ಆದರೂ ಅದರ ಒಪ್ಪಿಗೆ ಇಲ್ಲದೆ ದೇಶದಲ್ಲಿ ಒಂದು ಕುದುರೆಯೂ ಅಧಿಕೃತವಾಗಿ ಓಡುವಂತಿರಲಿಲ್ಲ. ಹೆಂಗಸರಿಗೆ ಟ್ರೈನರ್ ಲೈಸೆನ್ಸ್ ಕೊಡುವುದಿಲ್ಲ ಎಂಬುದು ಅದರ ಬಹುಕಾಲದ ರೂಢಿ. ಫ್ಲಾರೆನ್ಸ್ ನೇಗಲ್ ಎಂಬ ಮಹಿಳೆ ಕುದುರೆಗಳನ್ನು ತಾನೇ ಪಳಗಿಸುತ್ತಿದ್ದರೂ ಲೈಸೆನ್ಸ್ ಮಾತ್ರ ಅವರ ಲಾಯದ ಗಂಡಾಳಿನ ಹೆಸರಿನಲ್ಲಿರಬೇಕಿತ್ತು. 1966ರಲ್ಲಿ ಲಾರ್ಡ್ ಡೆನ್ನಿಂಗ್ ಅವರ ಪೀಠ, ಒಂದು ವೃತ್ತಿಯ ಬಾಗಿಲನ್ನೇ ಕಾಯುವ ಸಂಸ್ಥೆ ಮನಬಂದಂತೆ ಬಾಗಿಲು ಮುಚ್ಚಲಾಗದು ಎಂದು ಆಕೆ ಹೂಡಿದ ಮೊಕದ್ದಮೆ ಮುಂದುವರಿಯಲು ಬಿಟ್ಟಿತು. ಕ್ಲಬ್ ರಾಜಿಗೆ ಬಂದು ಲೈಸೆನ್ಸ್ ಕೊಟ್ಟಿತು.

ಆದರೆ ಅದೇ ಇಂಗ್ಲೆಂಡಿನಲ್ಲಿ ಕುದುರೆ ಮಾಲೀಕ ಆಗಾ ಖಾನ್ ಅವರಿಗೆ ಬೇರೆಯೇ ಉತ್ತರ ಸಿಕ್ಕಿತು. 1989ರ ಎಪ್ಸಮ್ ಓಕ್ಸ್ ರೇಸನ್ನು ಅವರ ಕುದುರೆ ಅಲೈಸಾ ಗೆದ್ದಿತು. ಮೂತ್ರ ಪರೀಕ್ಷೆಯಲ್ಲಿ ಕರ್ಪೂರ ದೇಹದೊಳಗೆ ಒಡೆದಾಗ ಉಂಟಾಗುವ ವಸ್ತುವಿನ ಅಂಶ ಕಂಡುಬಂತು. ಆರತಿ ತಟ್ಟೆಯಲ್ಲಿ ಉರಿಯುವ ಅದೇ ಕರ್ಪೂರ, ರೇಸ್ ಕುದುರೆಗೆ ನಿಷಿದ್ಧ. ಆ ಅಂಶ ಕರ್ಪೂರದಿಂದಲೇ ಬಂದಿರಬೇಕಿಲ್ಲ, ಬೇರೆ ಮೂಲದಿಂದಲೂ ಬಂದಿರಬಹುದು ಎಂದು ಆಗಾ ಖಾನ್ ಪರ ವಿಜ್ಞಾನಿಗಳು ವಾದಿಸಿದರು. 1990ರ ಕೊನೆಯಲ್ಲಿ ಶಿಸ್ತು ಸಮಿತಿ ಕುದುರೆಯನ್ನು ಅನರ್ಹಗೊಳಿಸಿತು. ಸಿಟ್ಟಾದ ಆಗಾ ಖಾನ್ ತಮ್ಮ ಕುದುರೆಗಳನ್ನು ಬ್ರಿಟನ್ನಿನ ರೇಸ್‌ಗಳಿಂದಲೇ ಹಿಂತೆಗೆದುಕೊಂಡು ಕೋರ್ಟಿಗೆ ಹೋದರು. 1992ರ ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿದ್ದು ಇಷ್ಟು: ಜಾಕಿ ಕ್ಲಬ್ಬಿನ ಅಧಿಕಾರ ಎಷ್ಟೇ ದೊಡ್ಡದಿರಲಿ, ಅದು ಸರ್ಕಾರಿ ಅಧಿಕಾರವಲ್ಲ; ಮಾಲೀಕರು ನಿಯಮಗಳಿಗೆ ಒಪ್ಪಿ ಸಹಿ ಹಾಕಿರುವುದರಿಂದ ಇದು ಒಪ್ಪಂದದ ವ್ಯವಹಾರ; ಸಾರ್ವಜನಿಕ ಸಂಸ್ಥೆಗಳ ಮೇಲೆ ನಡೆಯುವ ನ್ಯಾಯಿಕ ಪರಿಶೀಲನೆ ಇದಕ್ಕೆ ಅನ್ವಯಿಸದು. ಅನ್ಯಾಯವಾಗಿದ್ದರೆ ಒಪ್ಪಂದ ಮುರಿದಿದ್ದಾರೆ ಎಂದು ಸಾದಾ ಸಿವಿಲ್ ದಾವೆ ಹೂಡಬೇಕು.

ಆ ‘ಒಪ್ಪಿಗೆ’ಯನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕಾಗುತ್ತದೆ. ಸಹಿ ಹಾಕದಿದ್ದರೆ ಆ ಕಸುಬಿಗೇ ಜಾಗವಿಲ್ಲ ಎಂದಿರುವಾಗ ಹಾಕಿದ ಸಹಿಯನ್ನು ಒಪ್ಪಂದ ಎನ್ನುವುದು ಕಾನೂನಿನ ಸೌಜನ್ಯ ಅಷ್ಟೆ. ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, 1979ರ ಫೋರ್ಬ್ಸ್ ಪ್ರಕರಣದಲ್ಲಿ ಇದಕ್ಕಿಂತ ನೇರವಾದ ದಾರಿ ಹಿಡಿದಿತ್ತು. ನ್ಯೂ ಸೌತ್ ವೇಲ್ಸ್‌ನ ಟ್ರಾಟಿಂಗ್ ಕ್ಲಬ್ ವೃತ್ತಿಪರ ಬಾಜಿಗಾರರೊಬ್ಬರನ್ನು ತನ್ನ ಮೈದಾನಗಳಿಗೆ ಕಾಲಿಡದಂತೆ ನಿಷೇಧಿಸಿತ್ತು. ಮೈದಾನ ನಮ್ಮದು, ಯಾರನ್ನು ಬಿಟ್ಟುಕೊಳ್ಳಬೇಕು ಎನ್ನುವುದು ನಮ್ಮ ಇಷ್ಟ ಎಂಬುದು ಕ್ಲಬ್ಬಿನ ವಾದ. ಸಾರ್ವಜನಿಕರು ಬರುವ ಕ್ರೀಡೆಯೊಂದನ್ನು ನಿಯಂತ್ರಿಸುವ ಸಂಸ್ಥೆ ಮನೆಯ ಯಜಮಾನನ ಹಾಗೆ ಮಾತಾಡಲಾಗದು, ನಿಷೇಧಿಸುವ ಮೊದಲು ಆತನ ಮಾತು ಕೇಳಬೇಕಿತ್ತು ಎಂದು ನ್ಯಾಯಾಲಯ ಹೇಳಿತು. ಎರಡು ವರ್ಷ ಮೊದಲು, ಟಾಸ್ಮೇನಿಯಾದ ಹೀಟ್ಲಿ ಪ್ರಕರಣದಲ್ಲಿ, ಶಾಸನದ ಅಡಿ ರಚಿತವಾದ ಆಯೋಗ ಹೊರಡಿಸಿದ ಇಂಥದೇ ಪ್ರವೇಶ ನಿಷೇಧದ ಬಗ್ಗೆಯೂ ಅದೇ ತೀರ್ಮಾನ ಬಂದಿತ್ತು.

ಭಾರತದಲ್ಲಿ ಸಂವಿಧಾನದ 226ನೆಯ ವಿಧಿ ಈ ಜಗಳವನ್ನು ಬಹುಮಟ್ಟಿಗೆ ಹಗುರಗೊಳಿಸಿದೆ. ಸಂಸ್ಥೆಯೊಂದು ‘ರಾಜ್ಯ’ದ ವ್ಯಾಖ್ಯೆಗೆ ಬರದಿದ್ದರೂ ಸಾರ್ವಜನಿಕ ಕರ್ತವ್ಯ ನಿರ್ವಹಿಸುತ್ತಿದ್ದರೆ ಅದರ ವಿರುದ್ಧ ಹೈಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಬಹುದು ಎಂಬುದು 1989ರ ಅನಾದಿ ಮುಕ್ತ ತೀರ್ಪಿನಿಂದ ಗಟ್ಟಿಯಾಯಿತು. 2005ರ ಜೀ ಟೆಲಿಫಿಲ್ಮ್ಸ್ ತೀರ್ಪು ಕ್ರಿಕೆಟ್ ಮಂಡಳಿಯ ವಿಷಯದಲ್ಲಿ ಇದನ್ನೇ ಹೇಳಿತು. ಮಂಡಳಿ ಸರ್ಕಾರವಲ್ಲ, ಆದರೂ ಹೈಕೋರ್ಟಿನ ರಿಟ್ ವ್ಯಾಪ್ತಿಯಿಂದ ಹೊರಗಿಲ್ಲ. ರೇಸ್ ನಡೆಸುವ ಟರ್ಫ್ ಕ್ಲಬ್ ತನ್ನ ಬಾರಿನ ಮೆನು ಬದಲಿಸಿದರೆ ಯಾರೂ ರಿಟ್ ಹಾಕಲಾರರು. ಟ್ರೈನರನ ಲೈಸೆನ್ಸ್ ಕಿತ್ತುಕೊಂಡರೆ ಮಾತು ಬೇರೆ. ಅಲ್ಲಿಯೂ ಹೈಕೋರ್ಟ್ ನೋಡುವುದು ತೀರ್ಮಾನಕ್ಕೆ ಬಂದ ದಾರಿಯನ್ನು. ಕುದುರೆಯನ್ನು ಬೇಕೆಂದೇ ಹಿಡಿದೆಳೆದರೋ ಇಲ್ಲವೋ ಎಂದು ನ್ಯಾಯಮೂರ್ತಿಗಳು ವಿಡಿಯೊ ನೋಡಿ ಹೊಸದಾಗಿ ತೀರ್ಮಾನಿಸುವುದಿಲ್ಲ.

ಇನ್ನು ವಿಚಾರಣೆಯ ಒಳಗಿನ ನಡೆ. ನಿರೀಕ್ಷೆ ಹುಟ್ಟಿಸಿದ್ದ ಕುದುರೆಯೊಂದು ಓಡಬೇಕಾದಂತೆ ಓಡಲಿಲ್ಲ ಎಂದಿಟ್ಟುಕೊಳ್ಳಿ. ರೇಸ್ ಮುಗಿದ ಕೂಡಲೇ ಜಾಕಿಯನ್ನು ಕೇಳುವುದು ತನಿಖೆ, ವಿಚಾರಣೆಯಲ್ಲ. ಆ ಹಂತದಲ್ಲಿ ನೋಟಿಸು, ವಕೀಲ ಎಂದು ಹಟ ಹಿಡಿಯಲು ಬರುವುದಿಲ್ಲ. ಆದರೆ ಪ್ರಶ್ನೆಗಳು ಒಂದು ಹಂತದಲ್ಲಿ ಆರೋಪವಾಗಿ ತಿರುಗುತ್ತವೆ, ಒಳ್ಳೆಯ ಸ್ಟೀವರ್ಡ್ ಆ ತಿರುವನ್ನು ಗುರುತಿಸಿ ಅಲ್ಲಿಗೆ ನಿಲ್ಲಿಸುತ್ತಾನೆ. ಯಾವ ನಿಯಮ, ಅದರ ಯಾವ ಉಪನಿಯಮ, ಯಾವ ಕೃತ್ಯ ಎಂದು ಬರಹದಲ್ಲಿ ತಿಳಿಸುತ್ತಾನೆ. ‘ಕುದುರೆ ಸರಿಯಾಗಿ ಓಡಲಿಲ್ಲ’ ಎಂಬುದು ಆರೋಪವೇ ಅಲ್ಲ. ‘ಕೊನೆಯ 400 ಮೀಟರಿನಲ್ಲಿ, ಮುಂದೆ ದಾರಿ ತೆರವಿದ್ದರೂ, ಕುದುರೆಯನ್ನು ಹುರಿದುಂಬಿಸಲು ಯಾವ ಯತ್ನವನ್ನೂ ಮಾಡಲಿಲ್ಲ’ ಎಂದರೆ ಉತ್ತರ ಕೊಡಬಹುದಾದ ಆರೋಪ. ಉಡಾಫೆಯಿಂದ ಬರೆದ ನೋಟಿಸು ಮುಂದೆ ಇಡೀ ಪ್ರಕರಣವನ್ನು ಕೆಡಿಸುತ್ತದೆ, ನಿಜವಾದ ತಪ್ಪಿತಸ್ಥನೂ ಪಾರಾಗುತ್ತಾನೆ.

ಆರೋಪಕ್ಕೆ ಆಧಾರವಾದ ಸಾಮಗ್ರಿಯನ್ನು ಎದುರಿಗಿಡುವುದು ಮುಂದಿನ ಹೆಜ್ಜೆ. ರೇಸಿನ ಎಲ್ಲ ಕೋನಗಳ ವಿಡಿಯೊ, ಬಾಜಿಯ ಏರಿಳಿತದ ದಾಖಲೆ, ಪಶುವೈದ್ಯರ ವರದಿ, ಲಾಯದ ಔಷಧ ರಿಜಿಸ್ಟರಿನ ನಕಲು, ಹೀಗೆ ಸ್ಟೀವರ್ಡ್‌ಗಳು ಯಾವುದನ್ನು ನೆಚ್ಚುತ್ತಾರೋ ಅದೆಲ್ಲವೂ. ನೌಕರರ ಶಿಸ್ತುಕ್ರಮಗಳಲ್ಲಿ ವಿಚಾರಣಾ ವರದಿಯ ಪ್ರತಿಯನ್ನು ಆರೋಪಿಗೆ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1993ರ ಕರುಣಾಕರ್ ಪ್ರಕರಣದಲ್ಲಿ ಹೇಳಿತು. 2022ರಲ್ಲಿ ಟಕಾನೊ ಪ್ರಕರಣದಲ್ಲಿ, ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಕೂಡ ತನಿಖಾ ವರದಿಯ ಸಂಬಂಧಪಟ್ಟ ಭಾಗಗಳನ್ನು ಮುಚ್ಚಿಟ್ಟುಕೊಳ್ಳಲಾಗದು ಎಂದಿತು. ಮೂರನೆಯವರ ಗೋಪ್ಯ ಮಾಹಿತಿ ಇದ್ದರೆ ಅಷ್ಟು ಭಾಗ ತಡೆಹಿಡಿಯಬಹುದು. ಬುಕ್ಕಿಗಳ ಜಾಲದ ಬಗ್ಗೆ ಸುಳಿವು ಕೊಟ್ಟವರ ಹೆಸರು ಕಾಪಾಡಬೇಕಾದ ರೇಸ್ ತನಿಖೆಗಳಿಗೆ ಈ ವಿವೇಚನೆ ಹೇಳಿ ಮಾಡಿಸಿದಂತಿದೆ.

ಪಾಟಿ ಸವಾಲು ಪ್ರತಿ ಸಲವೂ ಬೇಕೆಂದಿಲ್ಲ. ಸಂಗತಿಗಳೇ ವಿವಾದದಲ್ಲಿಲ್ಲದಿದ್ದರೆ ಸಾಕ್ಷಿಯನ್ನು ಪ್ರಶ್ನಿಸಲು ಬಿಡದಿದ್ದುದರಿಂದ ಹಾನಿಯಿಲ್ಲ ಎಂದು 1984ರ ಕೆ.ಎಲ್. ತ್ರಿಪಾಠಿ ತೀರ್ಪು ಹೇಳುತ್ತದೆ. ವಕೀಲರ ಪ್ರಶ್ನೆಯಲ್ಲಿ ಗ್ರೇಹೌಂಡ್ ಲೋಕದ್ದೇ ಒಂದು ಹೆಸರಾಂತ ಪ್ರಸಂಗವಿದೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ, ನಾಯಿಗೆ ಮದ್ದು ಕೊಟ್ಟ ಆರೋಪ ಹೊತ್ತ ಪೆಟ್ ಎಂಬ ಟ್ರೈನರ್ ವಕೀಲರನ್ನು ಕರೆತರಲು ಕೇಳಿದರು. ಒಬ್ಬನ ಹೆಸರು ಮತ್ತು ಹೊಟ್ಟೆಪಾಡು ಪಣದಲ್ಲಿರುವಾಗ ಎಲ್ಲರಿಗೂ ತಮ್ಮ ಮಾತನ್ನು ತಾವೇ ಸಮರ್ಥವಾಗಿ ಆಡಲು ಬರುವುದಿಲ್ಲ ಎಂದು ಲಾರ್ಡ್ ಡೆನ್ನಿಂಗ್ ಟ್ರೈನರ್ ಪರ ನಿಂತರು. ಪ್ರಕರಣದ ಮುಂದಿನ ಹಂತದಲ್ಲಿ ಇನ್ನೊಬ್ಬ ನ್ಯಾಯಾಧೀಶರು ಅದನ್ನು ಒಪ್ಪಲಿಲ್ಲ. ಭಾರತದಲ್ಲೂ ವಕೀಲರು ಬೇಕೇ ಬೇಕೆಂಬ ಹಕ್ಕಿಲ್ಲ. ಆದರೆ ಆರೋಪ ಮಂಡಿಸುವ ಕಡೆ ಕಾನೂನು ಬಲ್ಲವರನ್ನು ಕೂರಿಸಿ, ಎದುರಿನವನಿಗೆ ಮಾತ್ರ ಬೇಡ ಎನ್ನುವಂತಿಲ್ಲ. ಬಾಂಬೆ ಬಂದರು ಮಂಡಳಿಯ ನಾಡಕರ್ಣಿ ಪ್ರಕರಣದಲ್ಲಿ 1983ರಲ್ಲೇ ಇದು ತೀರ್ಮಾನವಾಗಿದೆ. ಚಿಕ್ಕಂದಿನಲ್ಲೇ ಲಾಯಕ್ಕೆ ಬಂದು ಸವಾರಿ ಕಲಿತ ಜಾಕಿಯೊಬ್ಬ ಇಂಗ್ಲಿಷಿನಲ್ಲಿ ಅಚ್ಚಾದ ನಿಯಮಪುಸ್ತಕದ ಎದುರು ಒಬ್ಬನೇ ಕೂತಿರುವಾಗ, ವಕೀಲರಿಲ್ಲದಿದ್ದರೂ ಅವನ ಭಾಷೆಯಲ್ಲಿ ಬಿಡಿಸಿ ಹೇಳುವ ಒಬ್ಬರಾದರೂ ಪಕ್ಕದಲ್ಲಿರಬೇಕು ಎನ್ನುವುದಕ್ಕೆ ತೀರ್ಪಿನ ಆಧಾರವೂ ಬೇಕಿಲ್ಲ.

ಉದ್ದೀಪನ ಮದ್ದಿನ ಪ್ರಕರಣಗಳು ಇನ್ನೊಂದು ಬಗೆಯ ಕಷ್ಟ ತರುತ್ತವೆ. ಹಲವು ದೇಶಗಳ ರೇಸ್ ನಿಯಮಗಳಲ್ಲಿ, ಕುದುರೆಯ ಮಾದರಿಯಲ್ಲಿ ನಿಷಿದ್ಧ ವಸ್ತು ಸಿಕ್ಕರೆ ಸಾಕು, ಟ್ರೈನರ್ ಹೊಣೆ. ಕೊಟ್ಟವರು ಯಾರು, ಏಕೆ, ಗೊತ್ತಿದ್ದೇ ಕೊಟ್ಟರೇ ಎಂಬುದನ್ನು ಸಾಬೀತು ಮಾಡಬೇಕಿಲ್ಲ. ಕಠೋರ ಎನಿಸಿದರೂ ಇದಕ್ಕೆ ಅರ್ಥವಿದೆ: ರಾತ್ರಿ ಲಾಯದಲ್ಲಿ ನಡೆದದ್ದನ್ನು ಹೊರಗಿನವರು ಎಂದಿಗೂ ಸಾಬೀತು ಮಾಡಲಾರರು. ಮನಸ್ಸಿನ ಉದ್ದೇಶ ಅಪ್ರಸ್ತುತವಾದ ಮೇಲೆ ಇಡೀ ಪ್ರಕರಣ ಒಂದು ಸೀಸೆಯ ಮೇಲೆ ನಿಲ್ಲುತ್ತದೆ. ಹಾಗಾಗಿ ನ್ಯಾಯದ ಭಾರವೆಲ್ಲ ಆ ಸೀಸೆಯ ಪ್ರಯಾಣದ ಮೇಲೆ ಬೀಳುತ್ತದೆ. ಮಾದರಿಯನ್ನು ಟ್ರೈನರನ ಕಡೆಯವರ ಎದುರೇ ತೆಗೆದು ಎರಡು ಪಾಲು ಮಾಡಿ ಮೊಹರು ಹಾಕಿದರೇ? ಮೊಹರಿನ ಸಂಖ್ಯೆ ದಾಖಲಾಯಿತೇ? ಯಾರ ಕೈಯಿಂದ ಯಾರ ಕೈಗೆ, ಎಷ್ಟು ಹೊತ್ತಿಗೆ, ಎಷ್ಟು ತಂಪಿನಲ್ಲಿ ಹೋಯಿತು? ಎರಡನೆಯ ಪಾಲನ್ನು ಬೇರೆ ಪ್ರಯೋಗಾಲಯದಲ್ಲಿ ಪರೀಕ್ಷಿಸಲು ಅವಕಾಶ ಕೊಟ್ಟರೇ? ಈ ಸರಪಳಿಯಲ್ಲಿ ಒಂದು ಕೊಂಡಿ ಕಾಣೆಯಾಗಿದ್ದರೆ ‘ಸಣ್ಣ ತಾಂತ್ರಿಕ ಲೋಪ’ ಎಂದು ತಳ್ಳಿಹಾಕುವುದು ತಪ್ಪು. ಉದ್ದೇಶದ ಪ್ರಶ್ನೆಯನ್ನು ಕಾನೂನು ಕೈಬಿಟ್ಟಿದ್ದೇ ಈ ಸರಪಳಿಯನ್ನು ನಂಬಿ. ಉದ್ದೇಶಕ್ಕೆ ಜಾಗ ಸಿಗುವುದು ಶಿಕ್ಷೆಯ ಹಂತದಲ್ಲಿ. ಬೆನ್ನುನೋವಿಗೆ ಹಚ್ಚಿದ ಮುಲಾಮಿನಿಂದ ಬಂದ ಅಂಶಕ್ಕೂ ಓಟಕ್ಕೆ ಮುನ್ನ ಚುಚ್ಚಿದ ಮದ್ದಿಗೂ ಒಂದೇ ಶಿಕ್ಷೆಯಾದರೆ ಅದು ಸಮತೋಲ ತಪ್ಪಿದ ಆದೇಶ.

ಪಕ್ಷಪಾತದ ನಿಯಮ ರೇಸ್ ಲೋಕವನ್ನು ಕಾಡಿದಷ್ಟು ಬೇರಾವುದೂ ಕಾಡಿಲ್ಲ. ಆಸ್ಟ್ರೇಲಿಯಾದಲ್ಲಿ ಸ್ಟಾಲರಿ ಎಂಬಾತ ಗ್ರೇಹೌಂಡ್ ರೇಸಿನ ಅಧಿಕಾರಿಯೊಬ್ಬರಿಗೆ ಹಣವಿಟ್ಟ ಲಕೋಟೆ ಕಳಿಸಿದ. ಇದು ಲಂಚವೆಂದು ಆ ಅಧಿಕಾರಿ ನಿಯಂತ್ರಣ ಮಂಡಳಿಗೆ ದೂರಿತ್ತರು. ಅವರು ಆ ಮಂಡಳಿಯ ಸದಸ್ಯರೂ ಆಗಿದ್ದರು. ವಿಚಾರಣೆಯ ದಿನ ಅವರು ಸಾಕ್ಷಿ ಹೇಳಿದ್ದಷ್ಟೇ ಅಲ್ಲ, ಮಂಡಳಿ ತೀರ್ಮಾನಕ್ಕೆ ಕೂತಾಗಲೂ ಕೋಣೆಯಲ್ಲೇ ಉಳಿದರು. 1972ರಲ್ಲಿ ಹೈಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ದೂರುದಾರ ಬಾಯಿ ಬಿಟ್ಟಿರಲಿ ಬಿಡದಿರಲಿ, ಕೋಣೆಯಲ್ಲಿ ಇದ್ದುದೇ ಸಾಕು. ನಮ್ಮಲ್ಲಿ 1969ರ ಕ್ರೈಪಾಕ್ ತೀರ್ಪು ಇದಕ್ಕೆ ತೀರ ಹತ್ತಿರದ್ದು. ಅರಣ್ಯ ಸೇವೆಯ ಆಯ್ಕೆಗೆ ಅಭ್ಯರ್ಥಿಯಾಗಿದ್ದ ಅಧಿಕಾರಿಯೇ ಆಯ್ಕೆ ಮಂಡಳಿಯಲ್ಲೂ ಕೂತಿದ್ದ, ತನ್ನ ಹೆಸರು ಬಂದಾಗ ಮಾತ್ರ ಎದ್ದುಹೋದ. ಅದು ಸಾಲದು ಎಂದಿತು ಸುಪ್ರೀಂ ಕೋರ್ಟ್.

ಇನ್ನೊಂದು 2016ರ ಬ್ರಿಟಿಷ್ ಪ್ರಸಂಗ. ಕುದುರೆಗಳನ್ನು ಬೇಕೆಂದೇ ನಿಧಾನ ಓಡಿಸಲು ಜಾಕಿಗೆ ಹೇಳಿದರೆಂದು ಟ್ರೈನರ್ ಒಬ್ಬರಿಗೆ ಶಿಸ್ತು ಮಂಡಳಿ ನಾಲ್ಕು ವರ್ಷಗಳ ನಿಷೇಧ ಹೇರಿತು. ಆಮೇಲೆ ಹೊರಬಂದ ಸಂಗತಿ: ಆ ಮಂಡಳಿಯ ಅಧ್ಯಕ್ಷತೆ ವಹಿಸಿದ್ದ ವಕೀಲರು ರೇಸ್ ನಿಯಂತ್ರಕ ಸಂಸ್ಥೆಗೇ ಬೇರೆ ಕೆಲಸಗಳಲ್ಲಿ ಹಣ ಪಡೆದು ಸಲಹೆ ಕೊಡುತ್ತಿದ್ದರು. ಅವರು ನಿಜಕ್ಕೂ ಪಕ್ಷಪಾತ ತೋರಿದರೆಂದು ಯಾರೂ ಹೇಳಲಿಲ್ಲ. ಹೊರಗಿನಿಂದ ನೋಡುವ ಬುದ್ಧಿವಂತನಿಗೆ ಅನುಮಾನ ಬರುತ್ತದೆಯೇ ಎಂಬುದಷ್ಟೇ ಪ್ರಶ್ನೆ. ಸಂಸ್ಥೆ ತಾನೇ ಲೋಪ ಒಪ್ಪಿಕೊಂಡಿತು, ಆದೇಶಕ್ಕೆ ಕೊಟ್ಟ ಕಾರಣಗಳೂ ಸಾಲವೆಂದು ಕಂಡುಬಂತು, ಮೇಲ್ಮನವಿ ಮಂಡಳಿ ಎಲ್ಲವನ್ನೂ ರದ್ದು ಮಾಡಿ ಮರುವಿಚಾರಣೆಗೆ ಕಳಿಸಿತು. ಹೊಸ ಮಂಡಳಿ ಅದೇ ಟ್ರೈನರನ್ನು ಮತ್ತೆ ತಪ್ಪಿತಸ್ಥರೆಂದಿತು, ಆದರೆ ಈ ಸಲದ ಶಿಕ್ಷೆ ಆರು ತಿಂಗಳು. ಸರಿಯಾದ ವಿಧಾನದಿಂದ ಆರೋಪಿಗಳೆಲ್ಲ ಬಿಡುಗಡೆಯಾಗಿಬಿಡುತ್ತಾರೆ ಎಂದು ಹೆದರುವವರು ನಾಲ್ಕು ವರ್ಷಕ್ಕೂ ಆರು ತಿಂಗಳಿಗೂ ನಡುವಿನ ಅಂತರವನ್ನು ಗಮನಿಸಬೇಕು.

ಪಾತ್ರಗಳನ್ನು ಬೇರ್ಪಡಿಸುವುದೇ ಇದಕ್ಕೆ ಬಾಳಿಕೆಯ ಪರಿಹಾರ. ಬ್ರಿಟನ್ನಿನಲ್ಲಿ ಜಾಕಿ ಕ್ಲಬ್ ನಿಯಂತ್ರಣದ ಕೆಲಸವನ್ನು ಬಿಟ್ಟುಕೊಟ್ಟಿತು, 2007ರಿಂದ ಬ್ರಿಟಿಷ್ ಹಾರ್ಸ್‌ರೇಸಿಂಗ್ ಅಥಾರಿಟಿ ಆ ಹೊಣೆ ಹೊತ್ತಿದೆ. ನ್ಯೂ ಸೌತ್ ವೇಲ್ಸ್‌ನ ಗ್ರೇಹೌಂಡ್ ಕತೆ ಇದಕ್ಕಿಂತ ಕಹಿಯಾದದ್ದು. ಜೀವಂತ ಮೊಲ, ಹಂದಿಮರಿಗಳನ್ನು ಕಟ್ಟಿ ನಾಯಿಗಳಿಗೆ ಓಟ ಕಲಿಸುತ್ತಿದ್ದುದನ್ನು 2015ರ ಫೆಬ್ರವರಿಯಲ್ಲಿ ಆಸ್ಟ್ರೇಲಿಯಾದ ಎಬಿಸಿ ವಾಹಿನಿ ಬಯಲಿಗೆಳೆಯಿತು. ನಿವೃತ್ತ ನ್ಯಾಯಮೂರ್ತಿ ಮೈಕೆಲ್ ಮೆಕ್‌ಹ್ಯೂ ಅವರ ವಿಶೇಷ ಆಯೋಗ ತನಿಖೆ ನಡೆಸಿತು. 2016ರ ಜುಲೈನಲ್ಲಿ ಸರ್ಕಾರ ಈ ಓಟವನ್ನೇ ನಿಷೇಧಿಸುವುದಾಗಿ ಘೋಷಿಸಿ, ಅಕ್ಟೋಬರಿನಲ್ಲಿ ಆ ನಿರ್ಧಾರದಿಂದ ಹಿಂದೆ ಸರಿಯಿತು. ಅದರ ನಂತರ ಬಂದ 2017ರ ಕಾಯ್ದೆ ಓಟವನ್ನು ಲಾಭಕ್ಕಾಗಿ ನಡೆಸುವವರನ್ನೂ ಅದರ ಮೇಲೆ ಕಣ್ಣಿಡುವವರನ್ನೂ ಬೇರೆ ಬೇರೆ ಮಾಡಿತು. ಪ್ರಾಣಿಗಳ ಕ್ಷೇಮ ಮತ್ತು ಪ್ರಾಮಾಣಿಕತೆಯ ಹೊಣೆ ಸ್ವತಂತ್ರ ಆಯೋಗಕ್ಕೆ ಹೋಯಿತು. ಟಿಕೆಟ್ ಮಾರುವವನೇ ತನಿಖೆಯನ್ನೂ ನಡೆಸಿದರೆ ಆ ತನಿಖೆಗೆ ಎರಡು ಕಡೆಯಿಂದಲೂ ಬೆಲೆಯಿಲ್ಲ. ಟ್ರೈನರನೂ ನಂಬುವುದಿಲ್ಲ, ಪ್ರಾಣಿದಯೆಯವರೂ ನಂಬುವುದಿಲ್ಲ.

ಎಷ್ಟು ಪುರಾವೆ ಬೇಕು? ಇದು ಕ್ರಿಮಿನಲ್ ಮೊಕದ್ದಮೆಯಲ್ಲವಾದ್ದರಿಂದ ಸಂದೇಹಾತೀತವಾಗಿ ಸಾಬೀತಾಗಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂದು ತೂಗಿದರೆ ಸಾಕು. ಆದರೆ ಆರೋಪ ಗುರುತರವಾದಷ್ಟೂ ತೂಕದ ಸಾಕ್ಷ್ಯ ಬೇಕು ಎಂಬುದು ಆಸ್ಟ್ರೇಲಿಯಾದ 1938ರ ಬ್ರಿಗಿನ್‌ಶಾ ತೀರ್ಪಿನ ಪಾಠ, ಅಲ್ಲಿನ ರೇಸ್ ಮಂಡಳಿಗಳು ಇಂದಿಗೂ ಅದನ್ನು ಪಾಲಿಸುತ್ತವೆ. ಗಂಡ-ಹೆಂಡಿರ ವಿಚ್ಛೇದನದ ಜಗಳವೊಂದು ಜಾಕಿಗಳನ್ನು ಕಾಯುವ ನಿಯಮವಾದದ್ದು ಕಾನೂನಿನ ತಮಾಷೆಗಳಲ್ಲೊಂದು.

ಆದೇಶದಲ್ಲಿ ಕಾರಣಗಳಿರಬೇಕು, ಅವು ಆದೇಶದೊಳಗೇ ಇರಬೇಕು. ಕೋರ್ಟಿಗೆ ಹೋದ ಮೇಲೆ ಪ್ರಮಾಣಪತ್ರದಲ್ಲಿ ಹೊಸ ಕಾರಣ ಸೇರಿಸಿ ಹಳೆಯ ಆದೇಶಕ್ಕೆ ತೇಪೆ ಹಾಕುವಂತಿಲ್ಲ ಎಂಬ 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಇಲ್ಲಿಗೂ ಸಲ್ಲುತ್ತದೆ. ಜಾಕಿಯ ವಿವರಣೆಯನ್ನು ಏಕೆ ಒಪ್ಪಲಿಲ್ಲ ಎಂದು ನಾಲ್ಕು ಸಾಲು ಬರೆಯಲು ತೊಡಕಾದರೆ, ತೊಡಕಿರುವುದು ಬಹುಶಃ ಬರವಣಿಗೆಯಲ್ಲಲ್ಲ, ತೀರ್ಮಾನದಲ್ಲಿ.

ಮೊದಲ ಹಂತದಲ್ಲಿ ಅನ್ಯಾಯವಾಗಿ, ಮೇಲ್ಮನವಿಯಲ್ಲಿ ಎಲ್ಲವನ್ನೂ ಸರಿಯಾಗಿ ಕೇಳಿದರೆ ಮೊದಲಿನ ಲೋಪ ತೊಳೆದುಹೋಗುತ್ತದೆಯೇ? ಈ ಪ್ರಶ್ನೆಗೆ ಜಗತ್ತು ಉಲ್ಲೇಖಿಸುವ ಉತ್ತರವೂ ಒಂದು ಕುದುರೆಯಿಂದಲೇ ಬಂತು. 1976ರ ಜೂನ್‌ನಲ್ಲಿ ಸಿಡ್ನಿಯ ರ‍್ಯಾಂಡ್‌ವಿಕ್ ಮೈದಾನದಲ್ಲಿ ಕೌಂಟ್ ಮೇಯೊ ಎಂಬ ಕುದುರೆ ಜನರ ನಿರೀಕ್ಷೆಗೆ ತಕ್ಕಂತೆ ಓಡಲಿಲ್ಲ. ಸ್ಟೀವರ್ಡ್‌ಗಳು ಜಾಕಿಯ ಮೇಲೂ ಕುದುರೆಯ ಸಹಮಾಲೀಕ ಕ್ಯಾಲ್ವಿನ್ ಮೇಲೂ ಕ್ರಮ ಕೈಗೊಂಡರು. ಕ್ಯಾಲ್ವಿನ್‌ಗೆ ಒಂದು ವರ್ಷದ ಅನರ್ಹತೆ. ಆಸ್ಟ್ರೇಲಿಯನ್ ಜಾಕಿ ಕ್ಲಬ್ಬಿನ ಸಮಿತಿ ಮೇಲ್ಮನವಿಯನ್ನು ಪೂರ್ಣವಾಗಿ ಕೇಳಿ ತಳ್ಳಿಹಾಕಿತು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ 1979ರಲ್ಲಿ ಲಾರ್ಡ್ ವಿಲ್ಬರ್‌ಫೋರ್ಸ್ ತೀರ್ಪು ಬರೆದರು. ಮೇಲ್ಮನವಿ ಎಲ್ಲ ಲೋಪವನ್ನೂ ಗುಣಪಡಿಸುತ್ತದೆ ಎಂದಾಗಲಿ, ಯಾವುದನ್ನೂ ಗುಣಪಡಿಸುವುದಿಲ್ಲ ಎಂದಾಗಲಿ ಒಂದೇ ಸೂತ್ರ ಇಲ್ಲ; ಒಟ್ಟಾರೆ ನೋಡಿದಾಗ ಆ ಮನುಷ್ಯನಿಗೆ, ತಾನು ಒಪ್ಪಿ ಸೇರಿದ ವ್ಯವಸ್ಥೆಯೊಳಗೆ, ನ್ಯಾಯಯುತ ಫಲ ಸಿಕ್ಕಿತೇ ಎಂದು ನೋಡಬೇಕು. ಕ್ಯಾಲ್ವಿನ್‌ಗೆ ಸಿಕ್ಕಿದೆ ಎಂದು ತೀರ್ಮಾನವಾಯಿತು.

ಭಾರತದ ಸುಪ್ರೀಂ ಕೋರ್ಟ್ ಇಷ್ಟು ಉದಾರವಾಗಿಲ್ಲ. ಲೆಕ್ಕಪರಿಶೋಧಕರ ಶಿಸ್ತುಕ್ರಮಕ್ಕೆ ಸಂಬಂಧಿಸಿದ 1986ರ ಎಲ್.ಕೆ. ರತ್ನ ತೀರ್ಪಿನಲ್ಲಿ ನ್ಯಾಯಮೂರ್ತಿ ಪಾಠಕ್, ಮೊದಲ ಹಂತದ ಲೋಪವನ್ನು ಮೇಲ್ಮನವಿ ಸಾಮಾನ್ಯವಾಗಿ ಮುಚ್ಚಲಾರದು ಎಂದರು. ವೃತ್ತಿಪರನೊಬ್ಬನ ಮೇಲೆ ಆದೇಶ ಬಿದ್ದ ಗಳಿಗೆಯಲ್ಲೇ ಅವನ ಹೆಸರಿಗೆ ಮಸಿ ಹತ್ತುತ್ತದೆ, ಆಮೇಲೆ ಗೆದ್ದರೂ ಗ್ರಾಹಕರು ಹಿಂದಿರುಗುವುದಿಲ್ಲ. ಟ್ರೈನರನ ವಿಷಯದಲ್ಲಿ ಈ ಮಾತು ಇನ್ನೂ ಹರಿತ. ಅಮಾನತಾದ ವಾರದಲ್ಲೇ ಮಾಲೀಕರು ಕುದುರೆಗಳನ್ನು ಬೇರೆ ಲಾಯಕ್ಕೆ ಸಾಗಿಸುತ್ತಾರೆ. ಭಾರತದ ಟರ್ಫ್ ಕ್ಲಬ್ಬುಗಳಿಗೆ ಕ್ಯಾಲ್ವಿನ್ ತೀರ್ಪಿಗಿಂತ ರತ್ನ ತೀರ್ಪೇ ಸುರಕ್ಷಿತ ದಾರಿದೀಪ.

ಪ್ರಾಣಿಯ ಜೀವಕ್ಕೇ ಅಪಾಯವಿದ್ದಾಗ ಕ್ರಮ ಬದಲಾಗುತ್ತದೆ. ಅಲ್ಲಿ ಮೊದಲು ರಕ್ಷಣೆ, ಆಮೇಲೆ ವಿಚಾರಣೆ. ಕುಂಟುವ ಕುದುರೆಯನ್ನು ಓಟಕ್ಕೆ ಬಿಡಬಾರದೆಂದು ಪಶುವೈದ್ಯರು ಹೇಳಿದಾಗ ಮಾಲೀಕನಿಗೆ ನೋಟಿಸು ಕೊಟ್ಟು ಕಾಯುವುದು ಮೂರ್ಖತನ. ತುರ್ತಿನಲ್ಲಿ ಮಧ್ಯಂತರ ಆದೇಶ ಹೊರಡಿಸಿ, ನಂತರ ಬೇಗನೆ ಅಹವಾಲು ಕೇಳುವುದನ್ನು 1984ರ ಲಿಬರ್ಟಿ ಆಯಿಲ್ ಮಿಲ್ಸ್ ತೀರ್ಪು ಒಪ್ಪುತ್ತದೆ. ಒಪ್ಪದಿರುವುದು ‘ಮಧ್ಯಂತರ’ವನ್ನು ತಿಂಗಳುಗಟ್ಟಲೆ ಎಳೆಯುವುದನ್ನು. ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಪ್ರಾಣಿಯನ್ನು ವಶಕ್ಕೆ ತೆಗೆದುಕೊಂಡರೆ, ಮೊಕದ್ದಮೆ ಮುಗಿಯುವವರೆಗಿನ ಆರೈಕೆ ಮತ್ತು ಖರ್ಚಿಗೆ 2017ರ ಕೇಂದ್ರ ನಿಯಮಗಳು ವಿಧಾನ ಹಾಕಿಕೊಟ್ಟಿವೆ.

ಕರ್ನಾಟಕದ ಕಂಬಳ ಇದೇ ಕಾನೂನಿನ ನೆರಳಿನಲ್ಲಿದೆ. 2014ರ ನಾಗರಾಜ ತೀರ್ಪು ಜಲ್ಲಿಕಟ್ಟು, ಎತ್ತಿನಗಾಡಿ ಓಟಗಳನ್ನು ತಡೆದ ಮೇಲೆ ಕಂಬಳದ ಮೇಲೂ ಅದರ ಪರಿಣಾಮ ಬಿತ್ತು. ರಾಜ್ಯ ಸರ್ಕಾರ 2017ರಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರ ಪೀಠ ತಮಿಳುನಾಡು, ಕರ್ನಾಟಕ, ಮಹಾರಾಷ್ಟ್ರಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಜೊತೆಗೆ ತಿದ್ದುಪಡಿಯೊಂದಿಗೆ ಬಂದ ನಿಯಮಗಳು ಕಟ್ಟುನಿಟ್ಟಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಜಿಲ್ಲಾಡಳಿತದ ಹೆಗಲಿಗೆ ಹಾಕಿತು. ಹೀಗಾಗಿ ಕೋಣಗಳು ಓಡುವ ಕರೆಯ ಬದಿಯಲ್ಲಿ ಯಾರೋ ತೆಗೆದ ಮೊಬೈಲ್ ವಿಡಿಯೊದಲ್ಲಿ ಕೋಣಕ್ಕೆ ಬೀಳುವ ಏಟು ಕಂಡರೆ ಅಧಿಕಾರಿಯ ಮುಂದೆ ಎರಡು ಕರ್ತವ್ಯಗಳಿರುತ್ತವೆ. ದೂರನ್ನು ಕಡತದಲ್ಲಿ ಹೂತುಹಾಕುವಂತಿಲ್ಲ. ವಿಡಿಯೊದ ಪೂರ್ತಿ ಭಾಗ ತರಿಸದೆ, ಪಶುವೈದ್ಯರಿಂದ ಕೋಣವನ್ನು ತಪಾಸಣೆ ಮಾಡಿಸದೆ, ಓಡಿಸಿದವನನ್ನೂ ಯಜಮಾನರನ್ನೂ ಕೇಳದೆ ಆದೇಶ ಬರೆಯುವಂತೆಯೂ ಇಲ್ಲ. ಕಂಬಳದ ಪರ-ವಿರೋಧದ ಅಭಿಪ್ರಾಯ ಆ ಅಧಿಕಾರಿಗೆ ಇರಬಹುದು. ಕಡತದಲ್ಲಿ ಅದಕ್ಕೆ ಜಾಗವಿಲ್ಲ.

ಲೈಸೆನ್ಸ್ ಕೊಡುವ ಸರ್ಕಾರಕ್ಕೂ ಇದೇ ಶಿಸ್ತು. ಕುದುರೆ ರೇಸ್ ಅದೃಷ್ಟದಾಟವಲ್ಲ, ಕೌಶಲದ ಆಟ ಎಂದು 1996ರಲ್ಲಿ ಲಕ್ಷ್ಮಣನ್ ಪ್ರಕರಣದಲ್ಲಿ ಹೇಳಿದ ಸುಪ್ರೀಂ ಕೋರ್ಟ್, 1986ರ ಶಾಸನದ ಮೂಲಕ ಮದರಾಸು ರೇಸ್ ಕ್ಲಬ್ಬನ್ನು ವಶಪಡಿಸಿಕೊಳ್ಳಲು ಹೊರಟ ತಮಿಳುನಾಡು ಸರ್ಕಾರದ ಕ್ರಮವನ್ನು ಸಮಾನತೆಯ ಹಕ್ಕಿಗೆ ವಿರುದ್ಧವೆಂದು ಅನೂರ್ಜಿತಗೊಳಿಸಿತು. ಬೆಂಗಳೂರು ಟರ್ಫ್ ಕ್ಲಬ್ಬಿಗೆ 2024ರಲ್ಲಿ ರೇಸ್ ಪರವಾನಗಿ ನಿರಾಕರಿಸಿದ ವಿಷಯ ಕರ್ನಾಟಕ ಹೈಕೋರ್ಟಿಗೆ ಹೋದಾಗ, ಜೂನ್ ತಿಂಗಳಲ್ಲಿ ಏಕಸದಸ್ಯ ಪೀಠ ಮಧ್ಯಂತರವಾಗಿ ಅನುಮತಿ ಕೊಟ್ಟಿತು, ಕೆಲವೇ ದಿನಗಳಲ್ಲಿ ವಿಭಾಗೀಯ ಪೀಠ ಅದಕ್ಕೆ ತಡೆ ಹಾಕಿತು. ಇಂಥ ಪ್ರಕರಣಗಳಲ್ಲಿ ಕೋರ್ಟ್ ಕೇಳುವ ಪ್ರಶ್ನೆಗಳು ಸ್ಟೀವರ್ಡ್‌ಗಳಿಗೆ ಕೇಳುವಂಥವೇ: ನಿರಾಕರಣೆಗೆ ಆಧಾರವಾದ ಸಂಗತಿಗಳನ್ನು ಕ್ಲಬ್ಬಿಗೆ ಮೊದಲೇ ತಿಳಿಸಿದ್ದರೇ, ಒಳಗೆ ಕೂತ ಬುಕ್ಕಿಗಳ ತಪ್ಪಿಗೆ ಇಡೀ ಕ್ಲಬ್ಬನ್ನು ಹೊಣೆ ಮಾಡಲು ಕಾರಣ ಕೊಟ್ಟಿದ್ದಾರೆಯೇ, ಷರತ್ತು ವಿಧಿಸಿ ಸರಿಪಡಿಸಬಹುದಾದ್ದನ್ನು ಪೂರ್ತಿ ನಿಲ್ಲಿಸುವ ಅಗತ್ಯವಿತ್ತೇ.

ಇಷ್ಟೆಲ್ಲ ಆಗಿ ಗೆದ್ದವನಿಗೆ ಸಿಗುವ ಪರಿಹಾರ ಸೀಮಿತ. ನ್ಯಾಯಾಲಯ ಆದೇಶವನ್ನು ರದ್ದುಗೊಳಿಸಿ, ಹೊಸದಾಗಿ ಕೇಳಿ ಎಂದು ಸಾಮಾನ್ಯವಾಗಿ ಅದೇ ಸಂಸ್ಥೆಗೆ ಮರಳಿಸುತ್ತದೆ. ಲೋಪದಿಂದ ನಿಜವಾದ ಹಾನಿ ಆಗಿಲ್ಲವೆಂದು ಕಂಡರೆ ಅದೂ ಇಲ್ಲ ಎಂಬುದನ್ನು 1996ರ ಸ್ಟೇಟ್ ಬ್ಯಾಂಕ್ ಆಫ್ ಪಟಿಯಾಲ ತೀರ್ಪು ಸ್ಪಷ್ಟಪಡಿಸಿದೆ. ಅಮಾನತಿನಲ್ಲಿ ಕಳೆದ ರೇಸ್ ಋತು ಹಿಂದಿರುಗುವುದಿಲ್ಲ. ಬಾಜಿ ಹಣ ಆ ದಿನವೇ ಹಂಚಿಹೋಗಿರುತ್ತದೆ, ಆಮೇಲೆ ಫಲಿತಾಂಶ ಬದಲಾದರೂ ಸಾಮಾನ್ಯವಾಗಿ ಅದನ್ನು ಮರಳಿ ಕೇಳುವುದಿಲ್ಲ. ತಿದ್ದಲು ಸಾಧ್ಯವಾಗುವುದು ಬಹುಮಾನದ ಹಣ, ದಾಖಲೆ ಪುಸ್ತಕ, ಲೈಸೆನ್ಸ್, ಮುಂದೆ ಓಡುವ ಹಕ್ಕು.